ಮಗುಚಿದ ಕಟ್ಟೆ

ಅಡುಗೆ ಕಟ್ಟೆ ಒಡೆದದ್ದು ಒಂದು ಡೊಂಕು ಮೊಳೆಯ ದೆಸೆಯಿಂದ.

ಮನೆಯ ಯಜಮಾನ ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದ ಬಡಗಿ. ಕೆಲಸ ಬಿಟ್ಟು ಕೂತ ಮೇಲೂ ಹಳೆ ಮೊಳೆಗಳನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಂಡು, ಹೊತ್ತು ಹೋಗದಾಗ ಒಂದೊಂದನ್ನೇ ತೆಗೆದು ನೆಟ್ಟಗೆ ಮಾಡುವುದು ಅವನ ಚಟ. ಅವತ್ತು ಅಂಗಳದಲ್ಲಿ ಬಿಸಿಲೆಂದು ಅಡುಗೆಮನೆಗೆ ಬಂದು, ಕಲ್ಲಿನ ಕಟ್ಟೆಯ ಮೇಲೇ ಮೊಳೆಯಿಟ್ಟು ಸುತ್ತಿಗೆಯಿಂದ ಬಾರಿಸಿದ. ಮೊಳೆ ನೆಟ್ಟಗಾಯಿತು. ಕಟ್ಟೆ ಈ ತುದಿಯಿಂದ ಆ ತುದಿಗೆ ಸೀಳಿತು.

“ಆಯ್ತಲ್ಲ ಸಮಾಧಾನ?” ಎಂದಳು ಹೆಂಡತಿ. “ಮೊಳೆ ಉಳಿಸೋಕೆ ಹೋಗಿ ಕಟ್ಟೆ ಕಳಕೊಂಡ್ರಿ.”

“ಕಲ್ಲಿನ ಒಳಗೆ ಮೊದಲೇ ಬಿರುಕಿತ್ತು ಕಣೆ.”

“ಹೌದು ಹೌದು. ನಿಮ್ಮ ಕೈಗೆ ಸಿಕ್ಕಿದ್ದೆಲ್ಲ ಮೊದಲೇ ಬಿರುಕು ಬಿಟ್ಟಿರತ್ತೆ.”

ಈ ಹೆಂಡತಿಯನ್ನು ಬೀದಿಯವರು ಕರೆಯುತ್ತಿದ್ದದ್ದು ಕಾಜಮ್ಮ ಎಂದು. ದರ್ಜಿಗಳು ಹೊಲಿದ ಅಂಗಿಗಳಿಗೆ ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹೊಲಿದು ಕೊಡುವುದು ಅವಳ ಕಸುಬಾಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಕಾಜಾ ಎಂದೋ ನುಂಗಿ ನೀರು ಕುಡಿದಿತ್ತು. ಹೋದ ವರ್ಷ ಅವಳು ಸೂಜಿ ಕೆಳಗಿಟ್ಟಳು. ಕೇಳಿದವರಿಗೆಲ್ಲ ಸೊಂಟನೋವು ಎಂದಳು. ಸೊಂಟ ಗಟ್ಟಿಯಾಗಿಯೇ ಇತ್ತು, ಹೋಗುತ್ತಿದ್ದದ್ದು ಕಣ್ಣು. ಯಾವುದನ್ನು ನೇರವಾಗಿ ನೋಡಿದರೂ ಅದು ಇದ್ದ ಜಾಗದಲ್ಲಿ ಹೊಗೆ ಕಟ್ಟಿಕೊಳ್ಳುತ್ತಿತ್ತು. ಎದುರು ನಿಂತವರ ಮುಖ ಮಾಯವಾಗಿ ಕಿವಿ, ಕೂದಲು, ಬಟ್ಟೆಯ ಬಣ್ಣ ಮಾತ್ರ ಅಂಚಿನಲ್ಲಿ ಉಳಿಯುತ್ತಿದ್ದವು. ದನಿ ಕೇಳಿದ ಮೇಲೆ ಮುಖವನ್ನು ಅವಳೇ ತುಂಬಿಕೊಳ್ಳಬೇಕಾಗಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳದಿರಲು ಅವಳಿಗೆ ಕಾರಣವಿತ್ತು. ಅವಳ ಅತ್ತೆಗೆ ಕೈ ನಡುಕ ಬಂದಾಗ, ಒಂದು ದಿನ ಹಾಲು ಚೆಲ್ಲಿತು ಎಂಬ ನೆವಕ್ಕೆ, “ನೀವು ಕೂತ್ಕೊಳ್ಳಿ ಅತ್ತೆ, ನಾನಿದೀನಿ” ಎಂದು ಸೌಟು ಕಿತ್ತುಕೊಂಡವಳು ಇದೇ ಕಾಜಮ್ಮ. ಆ ಮುದುಕಿ ಕೂತಳು. ಆಮೇಲೆ ಗೋಡೆಗೊರಗಿ ಕೂತೇ ಇದ್ದಳು, ತಟ್ಟೆ ಬಂದಾಗ ಉಂಡಳು, ಅವಳನ್ನು ಯಾರೂ ಏನೂ ಕೇಳಲಿಲ್ಲ. ಆ ಗೋಡೆ ಈಗಲೂ ಅಲ್ಲೇ ಇತ್ತು. ಕಾಜಮ್ಮನಿಗೆ ಸಾವಿನ ಹೆದರಿಕೆಗಿಂತ ಆ ಗೋಡೆಯ ಹೆದರಿಕೆ ಹೆಚ್ಚು.

ಅಡುಗೆಮನೆಯೊಳಗೆ ಅವಳ ಗುಟ್ಟು ಭದ್ರವಾಗಿತ್ತು. ಅಲ್ಲಿ ಕಣ್ಣಿನ ಕೆಲಸವನ್ನೆಲ್ಲ ಕೈ ಮಾಡುತ್ತಿತ್ತು. ಬಲಗೈ ಚಾಚಿದರೆ ನಲ್ಲಿ ಮತ್ತು ಸಿಂಕು, ಎಡಗೈ ಚಾಚಿದರೆ ಒಲೆ, ಅದರಾಚೆ ಕಿಟಕಿ, ಕಿಟಕಿಯ ಮೂಲೆಯಲ್ಲಿ ಉಪ್ಪು. ಯಾರಾದರೂ ಉಪ್ಪಿನ ಡಬ್ಬಿಯನ್ನು ಗೇಣು ದೂರ ಸರಿಸಿದರೂ ಅವಳು ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಅತ್ತೆಗೆ ವಯಸ್ಸಾದಂತೆ ಬಾಯಿ ಜೋರಾಗುತ್ತಿದೆ ಎಂದು ಸೊಸೆ ಗಂಡನ ಹತ್ತಿರ ಹೇಳಿಕೊಂಡದ್ದೂ ಅವಳ ಕಿವಿಗೆ ಬಿದ್ದಿತ್ತು. ಕಿವಿ ಚೆನ್ನಾಗಿಯೇ ಇತ್ತಲ್ಲ.

ಕಟ್ಟೆ ಒಡೆದ ಸಂಜೆ ಮಗ ಬಂದ. ಅವನು ರಬ್ಬರ್ ಸೀಲು ಮಾಡುವವನು. ಬಸ್ ನಿಲ್ದಾಣದ ಎದುರು ಒಂದು ಗೂಡಿನಷ್ಟು ಅಂಗಡಿಯಲ್ಲಿ ಕೂತು, ಹೆಸರು ಹುದ್ದೆಗಳನ್ನೆಲ್ಲ ಎಡಬಲ ಮಾಡಿ ಕೊರೆಯುವುದು ಅವನ ಕೆಲಸ. ಹಿಂದೊಮ್ಮೆ ಬೀಗರು ಊಟಕ್ಕೆ ಬಂದಿದ್ದಾಗ ಅಪ್ಪ ನಗೆಚಾಟಿಕೆಗೆ, “ಅಕ್ಷರ ತಿರುಗಿಸಿ ತಿರುಗಿಸಿ ಇವನ ತಲೇನೂ ತಿರುಗಿಬಿಟ್ಟಿದೆ” ಎಂದಿದ್ದ. ಬೀಗರು ನಕ್ಕರು. ಮಗ ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಅಪ್ಪ ಮಗನಿಗೆ ಮಾತಿಲ್ಲ. ಮಾತಿಲ್ಲ ಎಂದರೆ ಮೌನವೇನಲ್ಲ, ಒಂದೇ ಕೋಣೆಯಲ್ಲಿ ಕೂತು ಕಾಜಮ್ಮನ ಮೂಲಕ ಮಾತಾಡುತ್ತಿದ್ದರು.

“ಅಮ್ಮ, ಕಟ್ಟೆ ಮೇಲೆ ಸುತ್ತಿಗೆ ಆಡಿಸಿದ್ದು ಯಾರು ಅಂತ ಕೇಳು.”

“ಲೇ, ಕಲ್ಲು ಹಳೇದು ಅಂತ ಅವನಿಗೆ ಹೇಳು.”

“ಅಮ್ಮ, ಗ್ರಾನೈಟ್ ಹಾಕಿಸೋ ಶಕ್ತಿ ಈಗ ನನಗಿಲ್ಲ ಅಂತ ಹೇಳು. ನಾನೇ ಕಾಂಕ್ರೀಟಲ್ಲಿ ಮಾಡ್ತೀನಿ. ಮೊಬೈಲಲ್ಲಿ ನೋಡಿದೀನಿ, ಮನೇಲೇ ಮಾಡ್ಕೋಬಹುದು.”

“ಮೊಬೈಲ್ ನೋಡಿ ಮಕ್ಕಳನ್ನೂ ಸಾಕ್ತಾನಂತಾ ಕೇಳು. ಅಚ್ಚು ಯಾರು ಮಾಡ್ತಾರೆ? ಮರದ ಕೆಲಸ ಗೊತ್ತಾ ಅವನಿಗೆ?”

“ಅಚ್ಚು ಅವರೇ ಮಾಡ್ಲಿ. ಅಳತೆ, ಚಿತ್ರ ನಾನು ಕೊಡ್ತೀನಿ.”

ಕಾಜಮ್ಮ ನಡುವೆ ಕೂತು ಈರುಳ್ಳಿ ಸುಲಿಯುತ್ತಿದ್ದಳು. ಒಂದು ಮಾತನ್ನೂ ಅವಳು ದಾಟಿಸಲಿಲ್ಲ, ದಾಟಿಸುವ ಅಗತ್ಯವೂ ಇರಲಿಲ್ಲ. ಅಂತೂ ಕೋಲು ಮುರಿಯದೆ ಹಾವು ಸಾಯದೆ ಮಾತು ಒಂದು ದಡ ಸೇರಿತಲ್ಲ ಎಂದುಕೊಂಡಳು.

ನಿಜವಾದ ಜಗಳ ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಬಂತು. ಯಜಮಾನ ಮರದ ಅಂಗಡಿಗೆ ಹೋಗಿದ್ದ. ಸೊಸೆ ಕೆಲಸಕ್ಕೆ ಹೊರಟು ನಿಂತಿದ್ದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಲಾಂಡ್ರಿಯೊಂದರಲ್ಲಿ ಕಲೆ ತೆಗೆಯುವುದು ಅವಳ ಕೆಲಸ. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಅಂದಳು:

“ಹೇಗೂ ಹೊಸದು ಮಾಡ್ತಿದೀವಲ್ಲ, ಸಿಂಕನ್ನ ಎಡಗಡೆ ಕಿಟಕಿ ಹತ್ರ ಹಾಕೋಣ. ಒಲೆ ಬಲಗಡೆ ಬರ್ಲಿ.”

ಕಾಜಮ್ಮ ಲೋಟ ಕೆಳಗಿಟ್ಟಳು. “ಯಾಕೆ? ಇದ್ದ ಕಡೆ ಇದ್ರೆ ಯಾರಿಗೇನು ಭಾರ?”

“ಬೆಳಕಿರತ್ತೆ ಅತ್ತೆ.”

“ಪಾತ್ರೆ ತೊಳೆಯೋಕೆ ಬೆಳಕ್ಯಾಕೆ? ಪಾತ್ರೆಗಳೇನು ಪೇಪರ್ ಓದ್ತಾವಾ?”

“ಹಾಗಲ್ಲ ಅತ್ತೆ...”

“ಹೇಗೂ ಅಲ್ಲ. ಮೂವತ್ತು ವರ್ಷ ಬೇಯಿಸಿ ಹಾಕಿದವಳು ನಾನು. ನಾನು ಸತ್ತ ಮೇಲೆ ನಿಂಗೆ ಬೇಕಾದ ಕಡೆ ಹಾಕ್ಕೋ. ಚಾವಣಿ ಮೇಲೆ ಬೇಕಾದ್ರೂ ಹಾಕ್ಕೋ.”

ಸೊಸೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಮಗ ಕತ್ತು ಕೆರೆದುಕೊಂಡು, “ಆಯ್ತು ಬಿಡಮ್ಮ, ಬಲಗಡೇನೇ ಇರತ್ತೆ” ಎಂದ. ಗೆದ್ದೆ ಎಂದು ಕಾಜಮ್ಮನಿಗೆ ಅನ್ನಿಸಲಿಲ್ಲ. ಸದ್ಯಕ್ಕೆ ಉಳಿದೆ ಎನ್ನಿಸಿತು.

ಮನೆಯಲ್ಲೇ ಮಾಡುವ ಕಾಂಕ್ರೀಟು ಕಟ್ಟೆಯನ್ನು ತಲೆಕೆಳಗಾಗಿ ಎರಕ ಹೊಯ್ಯುತ್ತಾರೆ. ಅಚ್ಚಿನ ತಳಕ್ಕೆ ನುಣುಪಾದ ಹಲಗೆ, ಅದರ ಮೇಲೆ ಹೊಯ್ದದ್ದು ಗಟ್ಟಿಯಾದ ಮೇಲೆ ಮಗುಚಿದರೆ ತಳದ ನುಣುಪೇ ಮೇಲೆ ಬರುತ್ತದೆ. ಮಗುಚಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಸೀಲಿನವನಿಗೆ ಇದನ್ನು ಹೇಳಿಕೊಡಬೇಕೆ? ಅವನು ಅಂಗಡಿಯಲ್ಲೇ ಕೂತು, ಮಗುಚಿದಾಗ ಸರಿಹೋಗುವಂತೆ ಸಿಂಕನ್ನು ಎಡಕ್ಕೆ ತಿರುಗಿಸಿಯೇ ಚಿತ್ರ ಬರೆದು ತಂದ. ಅಪ್ಪ ಹಿತ್ತಲ ಶೆಡ್ಡಿನಲ್ಲಿದ್ದ. ಮಗ ಅಲ್ಲಿಗೆ ಹೋಗುವಂತಿಲ್ಲ.

“ಅಮ್ಮ, ಇದನ್ನ ಅಪ್ಪಂಗೆ ಕೊಡು. ಏನು ಮಾಡ್ಬೇಕು ಅಂತ ಅದರಲ್ಲೇ ಬರೆದಿದೀನಿ.”

ಅವಳು ಶೆಡ್ಡಿಗೆ ಹೋದಾಗ ಗಂಡನ ಎರಡೂ ಕೈ ಅಂಟಿನಲ್ಲಿ ಮುಳುಗಿದ್ದವು. “ಆ ಮೊಳೆಗೆ ಸಿಕ್ಕಿಸು” ಎಂದ. ಸಿಕ್ಕಿಸಿದಳು. ಆತ ಕತ್ತು ಹಿಂದೆಳೆದು ನೋಡಿದ.

“ಚಿತ್ರ ಕಾಣತ್ತೆ. ಮೂಲೇಲಿ ಇರುವೆ ಸಾಲು ಹಾಗೆ ಏನೋ ಗೀಚಿದಾನಲ್ಲ, ಏನದು? ನನ್ನ ಕನ್ನಡಕ ಒಳಗಿದೆ. ಓದು.”

ಕಾಜಮ್ಮ ಕಾಗದದ ಹತ್ತಿರ ಮುಖ ಒಯ್ದಳು. ಮೂಲೆ ಇದ್ದಲ್ಲಿ ಹೊಗೆಯಿತ್ತು. ಕತ್ತು ಓರೆ ಮಾಡಿದಳು, ಹೊಗೆಯೂ ಜೊತೆಗೇ ಓರೆಯಾಯಿತು. ಕನ್ನಡಕ ತಂದುಕೊಡ್ತೀನಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಾಗೆಂದರೆ ನಿನಗೇನಾಗಿದೆ ಧಾಡಿ ಎಂದು ಆತ ಕೇಳುತ್ತಿದ್ದ. ಬಾಯಿಗೆ ಬಂದದ್ದು ಹೇಳಿಬಿಟ್ಟಳು.

“ಅಳತೆ. ಇನ್ನೇನಿರತ್ತೆ?”

“ಅಳತೆ ಚಿತ್ರದಲ್ಲೇ ಇದೆಯಲ್ಲ, ಮತ್ಯಾಕೆ ಬರೆದ? ದೊಡ್ಡ ಇಂಜಿನಿಯರು.” ಆತ ಚಿತ್ರವನ್ನೇ ನೋಡುತ್ತ ಒಂದು ಗಳಿಗೆ ನಿಂತ. “ಓಹೋ. ಇನ್ಮೇಲೆ ಈ ಮನೇಲಿ ಚಿಕ್ಕವರು ಹೇಳಿದ್ದೇ ನಡೆಯೋದು ಅನ್ನು.”

ದಿನಾ ಗೊಣಗುವ ಗಂಡನ ಇವತ್ತಿನ ಗೊಣಗಾಟ ಇದು ಎಂದುಕೊಂಡು ಅವಳು ಬೇಗ ಒಳಗೆ ಬಂದಳು.

ಎರಕ ಭಾನುವಾರ, ತಾನಿದ್ದಾಗ, ಎಂದು ಮಗ ಹೇಳಿಕಳಿಸಿದ್ದ. ಹೇಳಿಕಳಿಸಿದ ಮೇಲೆ ಅಪ್ಪ ಕಾಯುವುದುಂಟೆ? ಮಗ ಅಂಗಡಿಗೆ ಹೋದ ಒಂದು ದಿನ ಹಳೆಯ ಜೊತೆಗಾರನೊಬ್ಬನನ್ನು ಕರೆಸಿಕೊಂಡ. ಇಬ್ಬರೂ ಸಿಮೆಂಟು, ಮರಳು, ಸಣ್ಣ ಜಲ್ಲಿ ಕಲಸಿದರು. ಅಚ್ಚಿನೊಳಗೆ ಸಿಂಕಿನ ತೂತಿಗೆಂದು ಥರ್ಮೊಕೋಲಿನ ದಪ್ಪ ದಿಮ್ಮಿ ಅಂಟಿಸಿತ್ತು. ಅರ್ಧ ತುಂಬಿಸಿ, ಕಂಬಿಯ ಬಲೆ ಹಾಸಿ, ಮತ್ತೆ ತುಂಬಿಸಿದರು.

“ನಿಂತು ನೋಡ್ತೀಯೇನೆ, ಬಾ, ಬದಿಗೆ ತಟ್ಟು. ಒಳಗಿನ ಗಾಳಿ ಹೊರಗೆ ಬರಲಿ” ಎಂದು ಗಂಡ ಮರದ ಸುತ್ತಿಗೆ ಕೊಟ್ಟ.

ಕಾಜಮ್ಮ ಒಂದು ಕೈ ಹಲಗೆಯ ಮೇಲಿಟ್ಟು ಇನ್ನೊಂದರಿಂದ ತಟ್ಟಿದಳು. ಹಸಿ ಕಾಂಕ್ರೀಟು ಅಂಗೈಯಡಿ ಜುಮುಜುಮು ಎನ್ನುತ್ತ ಕೂತುಕೊಂಡಿತು. ಎಷ್ಟೋ ದಿನಗಳ ಮೇಲೆ ಕಣ್ಣು ಬೇಡದ ಒಂದು ಕೆಲಸ ಸಿಕ್ಕಿತ್ತು, ಖುಷಿಯಾಯಿತು. ದಿಮ್ಮಿ ಯಾವ ಕಡೆಗಿದೆ ಎಂದು ಅಂಗಳದಲ್ಲಿ ಅವಳಿಗೆ ತಿಳಿಯುವಂತಿರಲಿಲ್ಲ. ಸಂಜೆ ಮಗ ಬರುವಷ್ಟರಲ್ಲಿ ಅಚ್ಚಿನ ಮೇಲೆ ಒದ್ದೆ ಗೋಣಿಚೀಲಗಳು ಮಲಗಿದ್ದವು.

“ಅಮ್ಮ, ಭಾನುವಾರ ಅಂದಿದ್ನಲ್ಲ!”

“ಅವನು ಬರೋತನಕ ಸಿಮೆಂಟು ಕಾಯತ್ತಾ ಅಂತ ಕೇಳೇ.”

“ಆಯ್ತು, ನೀರಾದ್ರೂ ತಪ್ಪದೆ ಹಾಕೋಕೆ ಹೇಳು. ಒಣಗಿಸಿದ್ರೆ ಬಿರುಕು ಬಿಡತ್ತೆ.”

ನೀರು ಹಾಕುವುದು ಒಬ್ಬರ ಕೆಲಸವಾಗಿ ಉಳಿಯಲಿಲ್ಲ. ಸೊಸೆ ಬೆಳಿಗ್ಗೆ ಒಂದು ಬಕೀಟು ಸುರಿದು ಹೋಗುತ್ತಿದ್ದಳು, ಆಮೇಲೆ ಯಜಮಾನ ಸುರಿಯುತ್ತಿದ್ದ, ಸಂಜೆ ಮಗ ಇವರ್ಯಾರೂ ಸುರಿದೇ ಇಲ್ಲವೇನೋ ಎಂಬಂತೆ ಸುರಿಯುತ್ತಿದ್ದ. ಆ ಚಪ್ಪಡಿಗೆ ಸಿಕ್ಕ ಆರೈಕೆ ಮನೆಯ ಮನುಷ್ಯರಿಗೆ ಎಂದೂ ಸಿಕ್ಕಿರಲಿಲ್ಲ.

ಅಷ್ಟು ದಿನ ಅಡುಗೆ ಜಗುಲಿಯ ಮೇಲೆ, ಒಂಟಿ ಒಲೆಯಲ್ಲಿ. ಪಾತ್ರೆ ತೊಳೆಯುವುದು ಬಚ್ಚಲಲ್ಲಿ. ಅದು ಕಾಜಮ್ಮನಿಗೆ ಶಿಕ್ಷೆಯಾಯಿತು. ಜಗುಲಿಯಲ್ಲಿ ಯಾವುದಕ್ಕೂ ಜಾಗವಿರಲಿಲ್ಲ, ಜಾಗವಿಲ್ಲದ ವಸ್ತು ಅವಳ ಪಾಲಿಗೆ ಇಲ್ಲವೇ ಇಲ್ಲ. ಬೇಳೆಗೆ ಉಪ್ಪು ಎರಡು ಸಲ ಬಿತ್ತು. ಆಲೂಗಡ್ಡೆಯ ಮೇಲೆ ಅರ್ಧಕ್ಕರ್ಧ ಸಿಪ್ಪೆ ಉಳಿಯಿತು. ಮಣಿಕಟ್ಟು ಸುಟ್ಟುಕೊಂಡಳು.

“ಬೆಂಕಿಪೊಟ್ಟಣ ಯಾರು ಎತ್ತಿಟ್ಟೋರು?”

“ಯಾರೂ ಮುಟ್ಟಿಲ್ಲ ಅತ್ತೆ, ನಿಮ್ಮ ಕಾಲ ಹತ್ರಾನೇ ಇದೆ.”

“ಇದ್ರೆ ನಂಗೆ ಕಾಣ್ತಿರ್ಲಿಲ್ವಾ?”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸೊಸೆ ಬೆಂಕಿಪೊಟ್ಟಣ ಎತ್ತಿ ಅವಳ ಕೈಗೇ ಕೊಟ್ಟಳು.

ಮಗುಚುವ ದಿನ ಲಾಂಡ್ರಿಯಿಂದ ನಾಲ್ಕು ಜನ ಗಟ್ಟಿಯಾಳುಗಳು ಬಂದರು. ಅಚ್ಚಿನ ಬದಿ ಬಿಚ್ಚಿ, ಹಗ್ಗ ಹಾಕಿ, ಹಳೆಯ ಹಾಸಿಗೆಯ ಮೇಲೆ ಚಪ್ಪಡಿಯನ್ನು ಮಗುಚಿದರು. ಬೂದುಬಣ್ಣದ ನುಣುಪು ಬಿಸಿಲಿಗೆ ಬಿತ್ತು. “ಕನ್ನಡಿ ಕಣ್ರೀ, ಕನ್ನಡಿ” ಎಂದ ಒಬ್ಬ. ಎಲ್ಲರೂ ತಿಣುಕುತ್ತ ಮುಲುಗುತ್ತ ಒಳಗೆ ಹೊತ್ತು ತಂದು, ದಪ್ಪ ಅಂಚನ್ನು ಮುಂದೆ ಮಾಡಿ ಇಟ್ಟಿಗೆ ಕಂಬಗಳ ಮೇಲೆ ಕೂರಿಸಿದರು.

ಕಾಜಮ್ಮ ಮುಂದೆ ಬಂದು ಎಡಗೈ ಚಾಚಿದಳು, ಒಲೆಯ ಜಾಗವನ್ನು ಮುಟ್ಟಲು. ಕೈ ತೂತಿನೊಳಗೆ ಇಳಿದುಹೋಯಿತು.

“ಸಿಂಕು ಎಡಕ್ಕೆ ಬಂದಿದೆ” ಎಂದ ಮಗ. “ಅಮ್ಮ, ಇದು ಬೇಕಂತಲೇ ಮಾಡಿದ್ದಾ ಅಂತ ಕೇಳು.”

“ಬೇಕಂತ ಯಾಕೆ ಮಾಡ್ಲಿ? ಎಡಗಡೆ ಬರೆದಿದ್ದ, ಎಡಗಡೆ ಬರೋ ಹಾಗೆ ಅಚ್ಚು ತಿರುಗಿಸಿ ಮಾಡಿದೆ. ಮಗುಚಿ ಹಾಕೋದು ಅಂತ ನಂಗೆ ಗೊತ್ತಿಲ್ವಾ?”

“ತಿರುಗಿಸಿಯೇ ಬರೆದಿದ್ದೆ! ಮೂಲೇಲಿ ಬರೆದಿದ್ನಲ್ಲ, ತಿರುಗಿಸಿ ಆಗಿದೆ, ಹೀಗೇ ಮಾಡಬೇಕು ಅಂತ!”

ಮಗ ಒಮ್ಮೆ ತಿರುಗಿಸಿದ್ದನ್ನು ಅಪ್ಪ ಇನ್ನೊಮ್ಮೆ ತಿರುಗಿಸಿದ್ದ. ಬೇರೆ ಯಾವ ಮನೆಯಲ್ಲಾದರೂ ಇಬ್ಬರು ಒಂದು ಮಾತು ಆಡಿಕೊಂಡಿದ್ದರೆ ಮುಗಿಯುತ್ತಿತ್ತು.

“ಮೂಲೇಲಿ ಅಳತೆ ಇತ್ತು. ನಿಮ್ಮಮ್ಮನೇ ಓದಿದ್ದು, ಕೇಳಲಿ ಅವಳನ್ನ.”

“ಆ ಕಾಗದ ಎಲ್ಲಿ?”

“ಸಿಮೆಂಟು ನೀರಲ್ಲಿ ನೆಂದು ಮುದ್ದೆಯಾಯ್ತು. ಬಿಸಾಕಿದೆ.”

“ಅಮ್ಮ, ಹೇಳಮ್ಮ. ಬರೆದಿದ್ದೆ ತಾನೆ?”

ಹೊತ್ತು ತಂದ ನಾಲ್ವರೂ ಅಲ್ಲೇ ನಿಂತಿದ್ದರು. ಕಾಜಮ್ಮನ ಕೈ ಇನ್ನೂ ತೂತಿನ ಅಂಚಿನಲ್ಲಿತ್ತು. ಮಗನ ಮುಖ ಅವಳಿಗೆ ಕಾಣಲಿಲ್ಲ, ಕಂಡಿದ್ದರೆ ಅವಳು ಹಾಗೆ ಹೇಳುತ್ತಿರಲಿಲ್ಲವೇನೋ.

“ಏನೂ ಇರ್ಲಿಲ್ಲ ಕಣೋ” ಎಂದಳು. “ಅಳತೆ ಅಷ್ಟೇ.”

“ಸರಿ” ಎಂದ ಮಗ. “ಹಾಗಾದ್ರೆ ನಾನೇ ಸುಳ್ಳ. ನೀನೂ ಆ ಕಡೆ ಸೇರ್ಕೊಂಡೆ ಅಂತಾಯ್ತು.”

ಸೊಸೆ ಮೆಲ್ಲಗೆ, “ಇರ್ಲಿ ಬಿಡ್ರೀ, ಕಿಟಕಿ ಹತ್ರ ಬೆಳಕಾದ್ರೂ ಇರತ್ತೆ” ಎಂದದ್ದು ಉರಿಯುವ ಬೆಂಕಿಗೆ ತುಪ್ಪವಾಯಿತು. “ಕಡೆಗೂ ನಿಂಗೆ ಬೇಕಾದ ಹಾಗೇ ಆಯ್ತಲ್ಲ!” ಎಂದು ಅವನು ಹೆಂಡತಿಯ ಮೇಲೂ ಹರಿಹಾಯ್ದ. ಹೊತ್ತು ತಂದವರು ಚಹಾ ಕುಡಿಯದೆ ಹೊರಟುಹೋದರು.

ಮುಂದಿನ ವಾರ ಮಗ ಕೊಳವೆಯನ್ನು ಕಟ್ಟೆಯ ಕೆಳಗೆ ಎಡಕ್ಕೆ ಎಳೆದ. ಚಪ್ಪಡಿಯ ಮೇಲಿನ ಗುಳ್ಳೆತೂತುಗಳಿಗೆ ಸಿಮೆಂಟು ತುಂಬಿ, ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಿದ. ಬರಕ್ ಬರಕ್ ಎಂಬ ಆ ಸದ್ದು ಬಿಟ್ಟರೆ ಅವನಿಂದ ಇನ್ನೊಂದು ಸದ್ದಿಲ್ಲ. ಈಗ ಅವನು ಅಮ್ಮನ ಜೊತೆಗೂ ಮಾತು ಬಿಟ್ಟಿದ್ದ.

“ಅನ್ನ ಹಾಕ್ಲೇನೋ?”

“ಲೇ, ಹಸಿವಿಲ್ಲ ಅಂತ ಹೇಳು” ಎಂದು ಮಗ ತನ್ನ ಹೆಂಡತಿಗೆ ಹೇಳಿದ.

ಕಾಜಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಇಷ್ಟು ದಿನ ತಾನು ಹೊತ್ತು ತಿರುಗಿದ ಮಾತುಗಳು ಎಷ್ಟು ಹಗುರವಾಗಿದ್ದವು ಎಂದು ಅವಳಿಗೆ ಈಗ ಗೊತ್ತಾಯಿತು. ತನ್ನ ಮೇಲೆ ಬಿದ್ದ ಈ ಒಂದನ್ನು ಹೊರಲಾಗಲಿಲ್ಲ. ಹೆತ್ತ ಮಗನನ್ನು ನಾಲ್ಕು ಜನರೆದುರು ಸುಳ್ಳ ಮಾಡಿದೆ ಎಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು.

ಹೊಸ ಕಟ್ಟೆ ಅವಳನ್ನು ಗುರುತಿಸಲಿಲ್ಲ. ಬಲಗೈ ನಲ್ಲಿಗೆಂದು ಹೋಗಿ ಒಲೆಯ ಕಾದ ಕಂಬಿಯನ್ನು ಮುಟ್ಟಿ ಬಂತು. ಒಂದು ಬೆಳಿಗ್ಗೆ ಕಾದ ಹಾಲಿನ ಪಾತ್ರೆಯನ್ನು ಹಳೆಯ ಅಭ್ಯಾಸದ ಮೇಲೆ ಎಡಕ್ಕಿಟ್ಟಳು. ಪಾತ್ರೆ ಸಿಂಕಿನೊಳಗೆ ಬೋರಲಾಗಿ ಬಿದ್ದು ಹಾಲೆಲ್ಲ ಹರಿದುಹೋಯಿತು. ಸದ್ದಿಗೆ ಗಂಡ ಓಡಿಬಂದ.

“ಏನೇ ಆಯ್ತು? ಕೈ ನಡುಗ್ತಿದೆಯಾ?”

“ಕಟ್ಟೆ ಒಂದು ಕಡೆಗೆ ವಾಟ ಆಗಿದೆ” ಎಂದಳು.

“ಮಟ್ಟಗೋಲು ಇಟ್ಟು ನೋಡಿದೀನಿ, ಒಂದು ಕೂದಲು ವಾಟ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಹಾಲು ಒರೆಸಲು ಸೊಸೆ ಬಂದಳು. ಮಾವ ಹೋಗುವ ತನಕ ಕಾದು, ಬಟ್ಟೆ ಹಿಂಡುತ್ತ ಅಂದಳು:

“ಅತ್ತೆ, ಆ ಕಾಗದ ನಿಮಗೆ ಕೊಡೋ ಮುಂಚೆ ನಾನು ನೋಡಿದ್ದೆ. ಅವರು ಬರೆದಿದ್ರು.”

“ಹಾಗಾದ್ರೆ ನಾನು ಸುಳ್ಳಿ ಅಂತೀಯಾ?”

“ನಾನು ಹಾಗೆ ಹೇಳಿಲ್ಲ.”

“ಮತ್ತೆ ಹೇಗೆ ಹೇಳಿದೆ?”

ಸೊಸೆ ಕಾದಳು. ಕಾಜಮ್ಮನಿಗೆ ಆ ಕಾಯುವಿಕೆ ಗೊತ್ತಾಯಿತು. ಹೇಳಲು ಅದೊಂದು ಅವಕಾಶವಾಗಿತ್ತು, ಅವಳು ಬಾಯಿ ಬಿಡಲಿಲ್ಲ. ಸೊಸೆ ಅತ್ತೆ ತೊಳೆದಿಟ್ಟಿದ್ದ ತಟ್ಟೆಗಳಲ್ಲಿ ಎರಡನ್ನು ಎತ್ತಿ ಸದ್ದಿಲ್ಲದೆ ಮತ್ತೆ ತೊಳೆದಳು.

“ಲಾಂಡ್ರಿ ಹತ್ರ ಒಂದು ಮನೆ ನೋಡಿದಾರೆ” ಎಂದಳು ಕೊನೆಗೆ. “ಮುಂದಿನ ಭಾನುವಾರ ಹೋಗೋಣ ಅಂತಿದಾರೆ. ನಾನು ಬೇಡ ಅಂದೆ. ಕೇಳ್ತಿಲ್ಲ.”

ಆ ವಾರವೆಲ್ಲ ಕಾಜಮ್ಮ ಕೂಡಿಸಿ ಕಳೆದು ನೋಡಿದಳು. ಹೇಳಿದರೆ ಗೋಡೆ. ಹೇಳದಿದ್ದರೆ ಮಗ. ಈ ಲೆಕ್ಕ ಕಷ್ಟದ್ದಾಗಿರಲಿಲ್ಲ, ಆದರೂ ಭಾನುವಾರ ಮಧ್ಯಾಹ್ನದ ತನಕ ಅವಳಿಗೆ ಬಾಯಿ ಬರಲಿಲ್ಲ.

ಅಂದು ಹಜಾರದಲ್ಲಿ ಎರಡು ಪೆಟ್ಟಿಗೆ, ಒಂದು ಸುತ್ತಿದ ಹಾಸಿಗೆ ಇದ್ದವು. ಅನ್ನ, ಬೇಳೆ, ಮೊಟ್ಟೆ. ಎಲ್ಲರೂ ಉಣ್ಣಲು ಕೂತರು, ಯಾರೂ ಉಣ್ಣಲಿಲ್ಲ.

“ಅಮ್ಮ” ಎಂದ ಮಗ. ಎಷ್ಟೋ ದಿನಗಳ ಮೇಲೆ ಕರೆದಿದ್ದ. “ಊಟ ಆದ ಮೇಲೆ ಹೊರಡ್ತೀವಿ ಅಂತ ಅಪ್ಪಂಗೆ ಹೇಳು.”

“ಹೋಗಲಿ ಅನ್ನೇ. ಹಿಡ್ಕೊಂಡೋರು ಯಾರೂ ಇಲ್ಲ ಇಲ್ಲಿ.”

ಕಾಜಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು.

“ನಾನು ಹೇಳೋದಿಲ್ಲ” ಎಂದಳು. “ಅವನದು ನಿಮಗೂ ಹೇಳಲ್ಲ, ನಿಮ್ಮದು ಅವನಿಗೂ ಹೇಳಲ್ಲ. ಒಂದೇ ಒಂದು ಸಲ ನನ್ನನ್ನ ನಂಬಿ ಒಂದು ಮಾತು ಕಳಿಸಿದ, ಅದನ್ನೇ ನಾನು ಹಾಳು ಮಾಡಿದೆ. ಅವನು ಬರೆದಿದ್ದ. ನಾನು ಓದ್ಲಿಲ್ಲ.”

“ಓದದೆ ಅಳತೆ ಅಂತ ಯಾಕಂದೆ?” ಎಂದ ಗಂಡ.

“ಕಾಣಲ್ಲ ನಂಗೆ.”

“ಏನು ಕಾಣಲ್ಲ?”

“ಕಾಗದ ಕಾಣಲ್ಲ. ಸೂಜಿ ಕಾಣಲ್ಲ. ಈಗ ನೀವು ಬಾಯಿ ಬಿಟ್ಕೊಂಡು ಕೂತಿದೀರೋ ಮುಚ್ಕೊಂಡು ಕೂತಿದೀರೋ ಅದೂ ಕಾಣಲ್ಲ. ಒಂದು ವರ್ಷದ ಮೇಲಾಯ್ತು.” ಅವಳು ಮಗ ಕೂತಿದ್ದ ಕಡೆಗೆ ತಿರುಗಿದಳು. “ಎಲ್ಲರೆದುರು ನನ್ನ ಮಗನ್ನ ಸುಳ್ಳ ಮಾಡಿದೆ. ಕಣ್ಣು ಹೋಗಿದ್ದಕ್ಕಲ್ಲ, ಅದಕ್ಕೆ ನಂಗೆ ನಾಚಿಕೆ.”

ಮಗ ಎದ್ದು ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವನ ಕೈಯಿಂದ ಶಾಯಿಯ ವಾಸನೆ ಬಂತು. “ಅಮ್ಮ, ನನ್ನ ನೋಡು” ಎಂದ. ಅವಳು ನೋಡಿದಳು. ನೋಡಿದಲ್ಲಿ ಅವನಿರಲಿಲ್ಲ. ಕೈಯೆತ್ತಿ ಅವನ ಕೆನ್ನೆ ಹುಡುಕಿದಳು, ಅದು ಒದ್ದೆಯಾಗಿತ್ತು.

“ನಂಗೆ ಗುಮಾನಿ ಇತ್ತು” ಎಂದಳು ಸೊಸೆ. “ಕಲೆ ನೋಡೋದೇ ನನ್ನ ಕೆಲಸ ಅಲ್ವಾ ಅತ್ತೆ. ನಿಮ್ಮ ಬಟ್ಟೆ ಮೇಲೆ ಕಲೆ ಉಳಿಯೋಕೆ ಶುರುವಾದಾಗ್ಲೇ ಅನ್ನಿಸ್ತು. ಅದಕ್ಕೇ ಸಿಂಕು ಕಿಟಕಿ ಹತ್ರ ಇರ್ಲಿ ಅಂದೆ. ಬೆಳಕಲ್ಲಿ ನಿಮಗೆ ಸ್ವಲ್ಪ ಕಂಡೀತು ಅಂತ.”

ಕಾಜಮ್ಮನಿಗೆ ಸಿಟ್ಟು ಬಂತು, ತಡೆಯಲಾರದಷ್ಟು. “ಗೊತ್ತಿದ್ದೂ ಬಾಯಿಬಿಟ್ಟು ಯಾಕೆ ಹೇಳ್ಲಿಲ್ಲ?”

“ನೀವೇ ಹೇಳ್ತೀರಿ ಅಂತ ಕಾದೆ.”

“ಚೆನ್ನಾಗಿ ಕಾದೆ! ಎಲ್ಲರೂ ಕಾದ್ರಿ! ಬಾಯಿಗಳಿಗೇನು ಬೀಗ ಹಾಕ್ಕೊಂಡಿದೀವಾ ಈ ಮನೇಲಿ?”

ಆಗ ಯಜಮಾನ ಗಂಟಲು ಸರಿಮಾಡಿಕೊಂಡ. ತಟ್ಟೆಯನ್ನೇ ನೋಡುತ್ತ, ಯಾರಿಗೋ ಎಂಬಂತೆ ಅಂದ:

“ಆ ಕಣ್ಣಿನ ಆಸ್ಪತ್ರೆ ಎಷ್ಟು ಗಂಟೆಗೆ ತೆಗೀತಾರೆ?”

“ಅಮ್ಮ, ಅಪ್ಪಂಗೆ...” ಎಂದು ಮಗ ಶುರುಮಾಡಿ ನಿಲ್ಲಿಸಿದ. ಆಮೇಲೆ ಕತ್ತು ತಿರುಗಿಸಿದ. “ನಾಳೆ ಬೆಳಿಗ್ಗೆ ತೆಗೀತಾರೆ. ನಾನು ಅಂಗಡಿ ಮುಚ್ತೀನಿ. ನೀವೂ ಬನ್ನಿ.”

“ಬರ್ತೀನಿ” ಎಂದ ಅಪ್ಪ.

ಆಸ್ಪತ್ರೆಯಲ್ಲಿ ಒಳ್ಳೆಯ ಸುದ್ದಿ ಸಿಗಲಿಲ್ಲ. ಹೋದದ್ದು ಹೋಯಿತು, ಇರುವುದನ್ನು ಉಳಿಸಿಕೊಳ್ಳಲು ನೋಡೋಣ, ಸ್ವಲ್ಪ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಎಂದರು ವೈದ್ಯರು. ಆ ಕೊನೆಯ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ, ಮರೆಯಲೂ ಇಲ್ಲ. ಹಜಾರದ ಪೆಟ್ಟಿಗೆಗಳನ್ನು ಬಿಚ್ಚದೆ ಗೋಡೆ ಪಕ್ಕಕ್ಕೆ ಸರಿಸಿಟ್ಟರು. ಇರುತ್ತಾರೋ ಹೋಗುತ್ತಾರೋ ಎಂದು ಕೇಳಲು ಕಾಜಮ್ಮನಿಗೆ ಧೈರ್ಯ ಸಾಲಲಿಲ್ಲ.

ಚಪ್ಪಡಿ ಒಡೆದು ಹೊಸದು ಹೊಯ್ಯುತ್ತೇನೆ ಎಂದ ಮಗ. ಬೇಡ, ಇರುವುದಕ್ಕೇ ಗುರುತು ಕೊರೆಯೋಣ, ಒಲೆ ಎಲ್ಲಿ ಶುರುವಾಗುತ್ತದೆ ಎಂದು ಅವಳ ಕೈಗೆ ಗೊತ್ತಾದರೆ ಸಾಕು ಎಂದ ಅಪ್ಪ. ಒಂದು ಬೆಳಿಗ್ಗೆ ಇಬ್ಬರೂ ಉಳಿ, ಸುತ್ತಿಗೆ ಹಿಡಿದು ಕಟ್ಟೆಯ ಮುಂದೆ ನಿಂತರು. ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಕಾಜಮ್ಮ ಕಿಟಕಿಯ ಬೆಳಕಿನಲ್ಲಿ ಸೊಸೆಯ ಪಕ್ಕ ನಿಂತು ಆಲೂಗಡ್ಡೆ ಸುಲಿಯುತ್ತಿದ್ದಳು.

“ಅಂಚಿನ ಮೇಲೆ ಕೊರಿಬೇಕು” ಎಂದ ಅಪ್ಪ.

“ಅಂಚಲ್ಲಿ ಕೊರೆದ್ರೆ ಚೂರು ಎದ್ದು ಕೈಗೆ ತಾಗತ್ತೆ. ಮೇಲೆ ಕೊರಿಬೇಕು.”

“ಮೇಲೆ ಕೊರೆದ್ರೆ ಕೊಳೆ ಕೂರತ್ತೆ ಕಣೋ. ಜೀವಮಾನವೆಲ್ಲ ಉಳಿ ಹಿಡಿದವನು ನಾನು.”

“ಉಳಿ ಹಿಡಿದಿದ್ದು ಮರಕ್ಕೆ. ಇದು ಕಾಂಕ್ರೀಟು. ಕೊರೆಯೋ ಕೆಲಸ ನಂದು.”

“ನಿಂದು ರಬ್ಬರು!”

“ಅಪ್ಪ, ಮತ್ತೆ ಶುರು ಮಾಡ್ಬೇಡಿ ನೀವು!”

ಇಬ್ಬರ ದನಿಯೂ ಏರಿತು. ನಡುವೆ ಅವಳಿರಲಿಲ್ಲ. ಅವರು ಮಾತನ್ನು ನೇರವಾಗಿ ಒಬ್ಬರ ಮುಖಕ್ಕೊಬ್ಬರು ಎಸೆದುಕೊಳ್ಳುತ್ತಿದ್ದರು, ಅದು ಕೇಳಲು ಅವಳಿಗೆ ಹಿತವಾಗಿಯೂ ಇತ್ತು, ಹೆದರಿಕೆಯೂ ಆಗುತ್ತಿತ್ತು. ಅಷ್ಟರಲ್ಲಿ ಮೂಗಿಗೆ ತಳ ಹಿಡಿಯುತ್ತಿರುವ ಅನ್ನದ ವಾಸನೆ ಬಂತು. ಎಲ್ಲರಿಗಿಂತ ಮೊದಲು ಅವಳಿಗೇ ಬಂತು. ಕೈ ತಾನಾಗಿ ಎಡಕ್ಕೆ ಹೋಯಿತು, ಸಿಂಕಿನ ತಣ್ಣನೆಯ ಅಂಚನ್ನು ಮುಟ್ಟಿ ನಿಂತಿತು. ಬಲಕ್ಕೆ ಚಾಚಿದಳು. ಅಲ್ಲಿ ಎಲ್ಲೋ ಬೆಂಕಿಯಿತ್ತು, ಎಷ್ಟು ದೂರ ಎಂದು ತಿಳಿಯಲಿಲ್ಲ.

ಕಾಜಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿಕೊಂಡಳು.

“ಅನ್ನ ಸೀಯ್ತಿದೆ” ಎಂದಳು. “ಯಾರಾದ್ರೂ ಸ್ವಲ್ಪ ನೋಡಿ.”